ಖಾಲಿ ಮೋಡ ಇಳಿಸಿದ ದೆರ್ನಾ

ಕಡಲು ಇನ್ನೂ ಬೂದು ಬಣ್ಣದಲ್ಲಿರುವಾಗಲೇ ದೆರ್ನಾ ಗವೆಲ್ಲಿ ಅವರು ರಂಗಮಂದಿರದ ಹಿಂಬಾಗಿಲಿನ ಬೀಗ ತೆಗೆಯುತ್ತಾರೆ. ದೀಪ ಹಾಕುವುದಿಲ್ಲ. ಗೋಡೆಗೆ ಅಂಟಿಕೊಂಡ ಕಡಿದಾದ ಮರದ ಏಣಿಯನ್ನು ಕತ್ತಲಲ್ಲೇ ಹತ್ತಿ, ರಂಗದ ಮೇಲಿನ ಅಟ್ಟಕ್ಕೆ ಬಂದು, ಸಾಲಾಗಿ ಕಟ್ಟಿದ ಸೆಣಬಿನ ಹಗ್ಗಗಳನ್ನು ಒಂದೊಂದಾಗಿ ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ರಾತ್ರಿಯಿಡೀ ತೆಂಕಣ ಗಾಳಿ ಬೀಸಿದೆ. ಅಂಥ ಗಾಳಿಗೆ ಹಗ್ಗ ತೇವ ಕುಡಿದು ಬಿಗಿದುಕೊಳ್ಳುತ್ತದೆ. ಹಾಗೇ ಬಿಟ್ಟರೆ ಬಣ್ಣದ ಪರದೆಗಳು ನೆಲ ಬಿಟ್ಟು ಗೇಣುದ್ದ ಮೇಲೆ ನೇತಾಡುತ್ತವೆ. ಅವರು ಗಂಟು ಬಿಚ್ಚುತ್ತಾರೆ, ಒಂದಿಷ್ಟು ಸಡಿಲಿಸುತ್ತಾರೆ, ಮತ್ತೆ ಕಟ್ಟುತ್ತಾರೆ. ಕೆಳಗೆ ಎಲ್ಲೋ ಪರದೆಯ ಅಂಚು ಹಲಗೆಗೆ ತಾಗಿದ ಸಣ್ಣ ಸದ್ದು ಕೇಳಿದ ಮೇಲೆಯೇ ಮುಂದಿನ ಹಗ್ಗ.

"ಈಗ ಏನೂ ಕೇಳ್ಬೇಡಿ," ಎಂದು, ಅವರ ಬಗ್ಗೆ ಬರೆಯಲು ಹಿಂದೆಯೇ ಹತ್ತಿ ಏಣಿಯ ತುದಿಯಲ್ಲಿ ಏದುಸಿರು ಬಿಡುತ್ತ ನಿಂತ ನನಗೆ ಹೇಳುತ್ತಾರೆ. "ಮಾತಾಡಿದ್ರೆ ಯಾವ್ದನ್ನ ಬಿಚ್ಚಿದ್ದೆ ಅನ್ನೋದು ಮರ್ತುಹೋಗತ್ತೆ. ಆಮೇಲೆ ರಾಣಿ ಅರಮನೆ ಬಂದು ರಾಣಿ ತಲೆ ಮೇಲೇ ಕೂರತ್ತೆ."

ಅರವತ್ತು ದಾಟಿದ ಹೆಂಗಸು. ಕತ್ತರಿಸಿದ ನರೆಗೂದಲು, ಗಿಡ್ಡ ಮೈ, ಅಗಲವಾದ ಕೈ. ಇಲ್ಲಿಯ ಕೆಲಸ ಮುಗಿಸಿ ಅವರು ಬಂದರಿನ ಮೀನುಗಾರರ ಸಹಕಾರ ಸಂಘಕ್ಕೆ ಹೋಗಬೇಕು. ಅಲ್ಲಿ ಮಧ್ಯಾಹ್ನದವರೆಗೆ ಮೀನಿನ ತಲೆ ಚಿವುಟಿ ಉಪ್ಪು ಹಾಕುವ ಕೆಲಸ. ನಾಟಕದ ದಿನಗಳಲ್ಲಿ ಸಂಜೆ ಮತ್ತೆ ಈ ಅಟ್ಟ. ಹತ್ತುವ ಮೊದಲು ನಿಂಬೆಹಣ್ಣಿನ ಸಿಪ್ಪೆಯಿಂದ ಕೈ ಉಜ್ಜಿಕೊಳ್ಳುತ್ತಾರೆ. ಹಿಂದೊಮ್ಮೆ ಹೊರಊರಿನ ಗಾಯಕಿಯೊಬ್ಬರು ಮೂಗು ಮುಚ್ಚಿಕೊಂಡಿದ್ದರಂತೆ. "ಅವ್ರ ತಪ್ಪೇನಿಲ್ಲ," ಎನ್ನುತ್ತಾರೆ ದೆರ್ನಾ, "ನನ್ನ ಮೂಗಿಗೆ ವಾಸನೆ ಗೊತ್ತಾಗೋದು ಎಂದೋ ನಿಂತುಹೋಯ್ತು."

ನಮ್ಮ ಬಂದರೂರು ಪೋರ್ತೊ ಸವೀನೊದ ಉಪ್ಪಿನವರ ರಂಗಮಂದಿರಕ್ಕೆ ಟಿಕೆಟ್ ಕೊಂಡು ಬರುವವರು ನೋಡುವುದು ಮೂರು ಅಂತಸ್ತಿನ ಪುಟ್ಟ ಬಾಲ್ಕನಿಗಳನ್ನು, ಮಾಸಿದ ಚಿನ್ನದ ಬಣ್ಣವನ್ನು, ಮೇಲೆ ಚಾವಣಿಯಲ್ಲಿ ಒಬ್ಬಳ ಮೂಗು ಉದುರಿಹೋದ ಒಂಬತ್ತು ಕಲಾದೇವಿಯರನ್ನು. ಅಟ್ಟ ಯಾರಿಗೂ ಕಾಣುವುದಿಲ್ಲ. ಉಪ್ಪಿನ ವ್ಯಾಪಾರಿಗಳು ಇದನ್ನು ಕಟ್ಟಿಸಿದ ಕಾಲದಿಂದಲೂ ಅಟ್ಟದ ಕೆಲಸ ದೋಣಿಯವರದು. ಹಾಯಿಯ ಹಗ್ಗ ಎಳೆದವರಿಗೆ ಪರದೆಯ ಹಗ್ಗ ಹೊಸದಲ್ಲ. ಚಳಿಗಾಲದಲ್ಲಿ ದೋಣಿ ಕಟ್ಟಿಹಾಕಿದಾಗ ಬೇರೆ ದುಡಿಮೆಯೂ ಇರಲಿಲ್ಲ. ಅವರು ಸಿಳ್ಳೆ ಹಾಕಿ ಒಬ್ಬರಿಗೊಬ್ಬರು ಹಗ್ಗ ಬಿಡಲು ಹೇಳುತ್ತಿದ್ದುದರಿಂದ, ತಪ್ಪು ಸಿಳ್ಳೆಗೆ ಪರದೆ ತಲೆಯ ಮೇಲೆ ಬಿದ್ದೀತೆಂದು, ಇವತ್ತಿಗೂ ನಮ್ಮ ರಂಗದ ಮೇಲೆ ಯಾರೂ ಸಿಳ್ಳೆ ಹಾಕುವಂತಿಲ್ಲ. ಈಗ ಅಟ್ಟದಲ್ಲಿ ಐದು ಮಂದಿ. ಅವರಲ್ಲಿ ಹೆಂಗಸು ದೆರ್ನಾ ಒಬ್ಬರೇ. ಭಿತ್ತಿಪತ್ರದಲ್ಲಿ ದೀಪದವರ ಹೆಸರಿರುತ್ತದೆ, ವಿಗ್ ಹೊಲಿದವರ ಹೆಸರಿರುತ್ತದೆ. ಅಟ್ಟದವರಿಗೆ 'ಸಿಬ್ಬಂದಿ' ಎಂಬ ಒಂದೇ ಪದ.

ಈ ಶರತ್ಕಾಲದಲ್ಲಿ ಇಲ್ಲಿ ಆಡಿದ್ದು 'ಲಾ ಫಿಲಾಂದ್ರಾ'. ಮುನ್ನೂರು ವರ್ಷಕ್ಕೂ ಹಿಂದೆ ನಮ್ಮ ಚರ್ಚಿನ ಹಾಡುಗಾರರ ಗುರುವೊಬ್ಬ ಇದೇ ರಂಗಕ್ಕೆಂದು ಕಟ್ಟಿದ ಒಪೆರಾ. ಬೇರೆಡೆ ಆಡುವವರು ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೆ ಮರದ ಅಲೆಗಳೂ ಬೇಕು, ಆಕಾಶದಿಂದ ಇಳಿಯುವ ಮೋಡವೂ ಬೇಕು. ಕಥೆ ಸರಳ. ರಾಣಿ ಫಿಲಾಂದ್ರಾಳ ಗಂಡ ಒರೊಂತೆ ಕಡಲು ದಾಟಲು ಹೋಗಿ ಮುಳುಗುತ್ತಾನೆ. ರಾಣಿ ದಡ ಬಿಟ್ಟು ಕದಲುವುದಿಲ್ಲ. ಮೂರನೆಯ ಅಂಕದ ಕೊನೆಯಲ್ಲಿ ಕಡಲ ದೇವರಿಗೆ ಕನಿಕರ ಹುಟ್ಟಿ, ಗಂಡನನ್ನು ಚಿನ್ನದ ಮೋಡದಲ್ಲಿ ಕೂರಿಸಿ ಜೀವಸಹಿತ ಕಳಿಸಿಕೊಡುತ್ತಾನೆ. ಆ ಕಾಲದಲ್ಲಿ ದೊರೆಗಳ ಮುಂದೆ ಆಡುವ ಆಟ ಮಂಗಳದಲ್ಲೇ ಮುಗಿಯಬೇಕಿತ್ತು.

ಈಗ ಬದುಕಿರುವವರ ನೆನಪಿನಲ್ಲಿ ಇದಕ್ಕೆ ಮೊದಲು ಅದನ್ನು ಆಡಿದ್ದು ಒಂದೇ ಸಲ. ಆಗ ದೆರ್ನಾ ಎಳೆಯ ತಾಯಿ. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮೇಲಿನ ಅಗ್ಗದ ಸಾಲಿನಲ್ಲಿ ಕೂತಿದ್ದರು. ಮೋಡದ ಹಗ್ಗ ಹಿಡಿದಿದ್ದವರು ಅವರ ಗಂಡ ಎಲಿಯೊ.

"ಹಾಡು ಒಂದೂ ಅರ್ಥ ಆಗ್ಲಿಲ್ಲ. ಮೋಡ ಯಾವಾಗ ಬರತ್ತೆ, ಯಾವಾಗ ಬರತ್ತೆ ಅಂತ ಕಾಯ್ತಿದ್ದೆ. ಬಂತು. ಅಷ್ಟು ದೊಡ್ಡ ಗಾಯಕ ಒಳಗೆ ಕೂತಿದ್ದ, ಒಂಚೂರೂ ಅಲುಗಾಡ್ಲಿಲ್ಲ. ಪಕ್ಕದಲ್ಲಿದ್ದವ್ಳಿಗೆ ಹೇಳ್ದೆ, ಇಳಿಸ್ತಿರೋನು ನನ್ನ ಗಂಡ ಅಂತ. ಅವ್ಳು ನಂಬ್ಲಿಲ್ಲ. ಯಂತ್ರ ಇರತ್ತೆ ಕಣೇ ಅಂದ್ಲು."

ಎಲಿಯೊ ಕಡಲಿಗೆ ಹೋಗಿ ಮರಳದೆ ಈ ಫೆಬ್ರವರಿಗೆ ಹನ್ನೊಂದು ವರ್ಷ. ಒಬ್ಬರೇ ಹೋಗಿದ್ದರು, ಜೊತೆಗೆ ಬರಬೇಕಿದ್ದವನಿಗೆ ಜ್ವರ. ಮಧ್ಯಾಹ್ನ ಬಡಗಣ ಬಿರುಗಾಳಿ ಎದ್ದಿತು. ಎರಡು ದಿನದ ಮೇಲೆ ತೆಂಕಣ ಬಂದರಿನವರು ಅವರ ದೋಣಿಯನ್ನು ಎಳೆದುಕೊಂಡು ಬಂದರು. ದೋಣಿಗೆ ಏನೂ ಆಗಿರಲಿಲ್ಲ. ಒಳಗೆ ಮೊಳೆಗೆ ಅವರ ಕೋಟು ನೇತಾಡುತ್ತಿತ್ತು. ಬಲೆ ಅರ್ಧ ನೀರಲ್ಲಿತ್ತು. ಎಲಿಯೊ ಮಾತ್ರ ಇರಲಿಲ್ಲ.

ಅಂದು ಬಂದರಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ದೆರ್ನಾ ಅಳಲಿಲ್ಲ. ದೋಣಿಯ ಹತ್ತಿರ ಹೋಗಿ ಅದರ ಬದಿಗೆ ಕಾಲಿನಿಂದ ಒದ್ದರು, ಮತ್ತೆ ಒದ್ದರು. ಯಾರೋ ಹಿಡಿದುಕೊಂಡರು. ಆ ದೋಣಿಯನ್ನು ಅದೇ ತಿಂಗಳು ಮಾರಿಬಿಟ್ಟರು. ಶವಪೆಟ್ಟಿಗೆಗಳನ್ನಿಡುವ ಸ್ಮಶಾನದ ಗೋಡೆಯಲ್ಲಿ ಎಲಿಯೊ ಹೆಸರಿನ ಕಲ್ಲಿದೆ. ಕಲ್ಲಿನ ಹಿಂದೆ ಏನೂ ಇಲ್ಲ.

ದೆರ್ನಾರನ್ನು ಅಟ್ಟಕ್ಕೆ ಕರೆತಂದವರು ಹಗ್ಗದವರ ಮುಖ್ಯಸ್ಥ ಗಾಸ್ಪರೆ. ಎಲಿಯೊ ಜೊತೆ ದುಡಿದ ಮುದುಕ, ಒಂದು ಕಿವಿ ಕೇಳುವುದಿಲ್ಲ. ಮುಂದಿನ ಚಳಿಗಾಲ ಬಂದಾಗ ಅಟ್ಟದಲ್ಲಿ ಒಬ್ಬರು ಕಡಿಮೆಯಿದ್ದರು. ದೆರ್ನಾ ಚಿಕ್ಕಂದಿನಿಂದ ಬಲೆ ಹೆಣೆದವರು, ಗಂಟು ಗೊತ್ತು.

"ನಮ್ಮನೆ ಅಡುಗೆಮನೇಲಿ ಬಂದು ಕೂತ. ಕಾಫಿ ಕುಡಿದ. ಹೇಳೋದು ಏನಂತ ಅವ್ನಿಗೂ ಗೊತ್ತಿಲ್ಲ. ಕೊನೆಗೆ, 'ಎಲಿಯೊ ಜಾಗ ಖಾಲಿ ಇದೆ, ಬೇರೆಯೋರು ನಿಂತ್ರೆ ನನ್ಗೆ ಸರಿಹೋಗಲ್ಲ' ಅಂದ. ನಾನಂದೆ, ನಾನೂ ಬೇರೆಯೋಳೇ ಅಲ್ವಾ ಅಂತ. 'ಹೌದು, ಆದ್ರೆ ನಿನ್ ಬಯ್ಗುಳ ನನ್ಗೆ ಅಭ್ಯಾಸ ಇದೆ' ಅಂದ."

ಬಂದರಿನ ಕಾಫಿ ಅಂಗಡಿಯಲ್ಲಿ ಗಂಡಸರು ಸುಮ್ಮನಿರಲಿಲ್ಲ. ಹೆಂಗಸು ಹಗ್ಗ ಹಿಡಿದರೆ ಮೋಡದಿಂದ ಮಳೆ ಬೀಳುತ್ತದೆ ಎಂದು ಒಬ್ಬ ನಗಿಸಿದ. "ಬೀಳ್ಲಿ ಬಿಡು, ನಿನ್ಗೆ ಸ್ನಾನ ಆಗಿ ಎಷ್ಟು ದಿನ ಆಯ್ತು," ಎಂದು ದೆರ್ನಾ ಉತ್ತರ ಕೊಟ್ಟು, ಗ್ಲಾಸು ಖಾಲಿ ಮಾಡಿ ಎದ್ದುಹೋದರು. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಮೊದಲ ವರ್ಷ ಅಂಗೈಯ ಚರ್ಮ ಎರಡು ಸಲ ಕಿತ್ತುಬಂತು. ಬೆನ್ನು ಈಗ ಹೇಳಿದಂತೆ ಕೇಳುವುದಿಲ್ಲ. ದೂರದ ಊರಿನಲ್ಲಿ ನರ್ಸ್ ಆಗಿರುವ ಮಗಳು ಫೋನ್ ಮಾಡಿದಾಗಲೆಲ್ಲ ಬಿಟ್ಟುಬಿಡಮ್ಮ ಎನ್ನುತ್ತಾಳೆ. ಇವರು ಹೂಂ ಎನ್ನುತ್ತಾರೆ.

'ಫಿಲಾಂದ್ರಾ' ಆಡುತ್ತಾರೆಂಬ ಸುದ್ದಿ ವಸಂತದಲ್ಲಿ ಬಂತು. ನಿರ್ದೇಶಕಿ ಲುಚಿಲ್ಲಾ ಮರಂಗೋನಿ ಹೊರಗಿನವರು, ಹಳೆಯ ಒಪೆರಾಗಳನ್ನು ಹುಡುಕಿ ಆಡಿಸುವವರು. ಮೋಡ ಗೋದಾಮಿನಲ್ಲಿ ಧೂಳು ಹಿಡಿದು ಮಲಗಿತ್ತು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಬಿಳಿ ಬಳಿದು, ಅಂಚಿಗೆ ಚಿನ್ನದ ಬಣ್ಣ ಕೊಟ್ಟದ್ದು. ನಡುವೆ ಒಬ್ಬರು ಕೂರುವ ಪೀಠ. ದೆರ್ನಾ ಮತ್ತು ಗಾಸ್ಪರೆ ಬೇಸಿಗೆಯಿಡೀ ಅದನ್ನು ಒರೆಸಿದರು, ಹರಿದಲ್ಲಿ ಹೊಲಿದರು, ಹಗ್ಗ ಬದಲಿಸಿದರು. ಎಲಿಯೊ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ಒರೊಂತೆಯನ್ನು ಇಳಿಸುವವರು ದೆರ್ನಾ ಎಂದು ಗಾಸ್ಪರೆ ತೀರ್ಮಾನಿಸಿದ್ದರು.

ಅದರ ಬಗ್ಗೆ ಆಗ ಹೇಗನಿಸಿತು ಎಂದು ಕೇಳುತ್ತೇನೆ. ದೆರ್ನಾ ಮೊದಲು ಹಗ್ಗ ಕಟ್ಟಿ ಮುಗಿಸುತ್ತಾರೆ.

"ಖುಷಿ ಆಯ್ತು. ಹೇಳ್ಬಾರ್ದು, ನಗ್ತೀರ. ದಿನಾ ಮಲಗ್ದಾಗ ಅಂದ್ಕೋತಿದ್ದೆ, ಒಬ್ಳ ಗಂಡನ್ನ ವಾಪಸ್ ತಂದುಕೊಡ್ತೀನಿ ಅಂತ. ಸುಳ್ಳುಸುಳ್ಳೇ ಆದ್ರೂ. ನನ್ನ ಕೈಯಾರೆ."

ತಾಲೀಮು ಅರ್ಧಕ್ಕೆ ಬಂದಾಗ ಸುರಕ್ಷತೆಯ ತಪಾಸಣೆಗೆ ಎಂಜಿನಿಯರ್ ಬಂದರು. ಮೋಡದ ರಾಟೆ ಕೂತ ತೊಲೆಯನ್ನು ದೀಪ ಹಿಡಿದು ನೋಡಿದರು, ತಟ್ಟಿದರು, ಚೂಪಾದ ಕಡ್ಡಿಯೊಂದನ್ನು ಚುಚ್ಚಿದರು. ಕಡ್ಡಿ ಸಲೀಸಾಗಿ ಒಳಗೆ ಹೋಯಿತು. ತೊಲೆ ಒಳಗೊಳಗೇ ಟೊಳ್ಳಾಗಿತ್ತು. ಮೋಡವನ್ನಷ್ಟೇ ಇಳಿಸಬಹುದು, ಅದರಲ್ಲಿ ಮನುಷ್ಯರನ್ನು ಕೂರಿಸುವಂತಿಲ್ಲ ಎಂದರು. ತೊಲೆ ಬದಲಿಸಲು ಚಾವಣಿ ಬಿಚ್ಚಬೇಕು, ಅದು ಈ ವರ್ಷದ ಮಾತಲ್ಲ. ಗಾಸ್ಪರೆ ಸುಮ್ಮನೆ ತಲೆಯಾಡಿಸಿದರು. ಅವರೂ ಕಣ್ಣಾರೆ ನೋಡಿದ್ದರು.

ಲುಚಿಲ್ಲಾ ಎರಡು ದಿನ ಯೋಚಿಸಿ ಒಂದು ದಾರಿ ಕಂಡುಕೊಂಡರು. ಮೋಡ ಖಾಲಿಯೇ ಇಳಿಯಲಿ. ಒರೊಂತೆಯ ಪಾತ್ರದ ಗಾಯಕ ಸಾಮುಯೆಲೆ ರಂಗದಡಿಯಲ್ಲಿ, ಮರದ ಅಲೆಗಳ ಕೆಳಗೆ ನಿಂತು ಹಾಡಲಿ. ಎಲ್ಲರನ್ನೂ ಕರೆದು ಹೇಳಿದರು. ಎಲ್ಲರೂ ಒಪ್ಪಿದರು. ಅಟ್ಟದ ಕಟಕಟೆಯಿಂದ ದೆರ್ನಾ ಬಗ್ಗಿ ನೋಡಿದರು.

"ಸಿನ್ಯೋರಾ, ನನ್ನಿಂದ ಆಗಲ್ಲ. ಬೇರೆಯೋರನ್ನ ನೋಡ್ಕೊಳ್ಳಿ."

"ಏನಾಯ್ತು ದೆರ್ನಾ? ಕೆಲಸ ಇನ್ನೂ ಹಗುರ ಆಯ್ತಲ್ಲ."

"ಅದಕ್ಕೇ ಆಗಲ್ಲ."

ಅವರು ಇಳಿದು ಹೊರಟೇಹೋದರು. ಲುಚಿಲ್ಲಾಗೆ ಏನೂ ಗೊತ್ತಿರಲಿಲ್ಲ. ಗಾಸ್ಪರೆ ಆಕೆಯನ್ನು ಪಕ್ಕಕ್ಕೆ ಕರೆದು ಖಾಲಿ ಬಂದ ದೋಣಿಯ ವಿಷಯ ಹೇಳಿದಾಗ ಆಕೆ ರಂಗದ ಅಂಚಿನಲ್ಲಿ ಕೂತುಬಿಟ್ಟರಂತೆ. ಮರುದಿನ ಮೀನಿನ ಸಂಘಕ್ಕೇ ಹೋಗಿ, ಉಪ್ಪಿನ ಪೀಪಾಯಿಗಳ ನಡುವೆ ನಿಂತು ದೆರ್ನಾಗೆ ಹೇಳಿದರು: "ನನಗೆ ಗೊತ್ತಿರಲಿಲ್ಲ. ಮೋಡವನ್ನೇ ತೆಗೆದುಬಿಡ್ತೀನಿ. ರಾಣಿ ಒಬ್ಬಳೇ ದಡದಲ್ಲಿ ನಿಂತಿರ್ತಾಳೆ, ಅಲ್ಲಿಗೆ ಮುಗಿಸ್ತೀನಿ. ನೀವು ವಾಪಸ್ ಬನ್ನಿ."

ದೆರ್ನಾ ಕೈ ಒರೆಸಿಕೊಂಡರು, ಥ್ಯಾಂಕ್ಸ್ ಹೇಳಿದರು, ಬರುತ್ತೇನೆ ಎನ್ನಲಿಲ್ಲ. ಮಧ್ಯಾಹ್ನ ಮನೆಗೆ ಹೋಗುವ ಬದಲು ಉಪ್ಪುಗಾಲುವೆಯ ಆಚೆಗಿರುವ ಪಾಲ್ಮಿರಾ ಮನೆಗೆ ಹೋದರು. ಪಾಲ್ಮಿರಾ ದೆರ್ನಾ ಜೊತೆ ಶಾಲೆಗೆ ಹೋದ ಗೆಳತಿ. ಪಾಲ್ಮಿರಾರ ಗಂಡ ಎಲಿಯೊಗಿಂತ ಮೂರು ವರ್ಷ ಮೊದಲೇ ಕಡಲಲ್ಲಿ ಕಾಣೆಯಾದವರು. ಅವರ ದೋಣಿಯೂ ಸಿಗಲಿಲ್ಲ, ಒಂದು ಹಲಗೆಯೂ ಸಿಗಲಿಲ್ಲ. ಅಂದು ಅಲ್ಲಿ ನಡೆದ ಮಾತನ್ನು ದೆರ್ನಾ ನನಗೆ ಹೀಗೆ ಹೇಳುತ್ತಾರೆ:

"ಅವ್ಳು ಸಾರು ಕುದಿಸ್ತಿದ್ಲು. ನಾನು ಎಲ್ಲಾ ಹೇಳ್ದೆ. ಖಾಲಿ ಇಳಿಸು ಅಂತಾರೆ ಕಣೆ, ಹೆಂಗೆ ಇಳಿಸ್ಲಿ ಅಂದೆ. ನನ್ನ ಕಡೆ ಆಗ್ತಾಳೆ ಅಂದ್ಕೊಂಡಿದ್ದೆ. ಸೌಟು ಕೆಳಗಿಟ್ಟು ತಿರುಗಿದ್ಲು. 'ನಿನ್ಗೆ ದೋಣಿಯಾದ್ರೂ ಬಂತಲ್ಲೇ' ಅಂದ್ಲು. 'ಕಾಲಲ್ಲಿ ಒದ್ದೆ ನೀನು. ನಾನು ಅಲ್ಲೇ ಇದ್ದೆ. ನನ್ಗೆ ಬಂದಿದ್ರೆ ಅದನ್ನ ಮುಟ್ಟಿ ನೋಡ್ತಿದ್ದೆ. ಒಳಗೆ ಮಲಗ್ತಿದ್ದೆ. ನನ್ಗೆ ಇವತ್ತಿಗೂ ಫೋನ್ ಹೊಡ್ಕೊಂಡ್ರೆ ಎದೆ ಧಸಕ್ ಅನ್ನತ್ತೆ, ಗೊತ್ತಾ ನಿನ್ಗೆ?'"

ದೆರ್ನಾ ಮುಂದಿನ ಹಗ್ಗದ ಗಂಟು ಎಳೆದು ನೋಡುತ್ತಾರೆ.

"ಹದಿನಾಲ್ಕು ವರ್ಷ ದಿನಾ ನೋಡಿದೀನಿ ಅವ್ಳನ್ನ. ಒಂದ್ಸಲಾನೂ ಈ ಮಾತು ಆಡಿರ್ಲಿಲ್ಲ. ನಾನೂ ಕೇಳಿರ್ಲಿಲ್ಲ. ಅವತ್ತು ಇಬ್ರೂ ಊಟ ಮಾಡ್ಲಿಲ್ಲ. ಸಾರು ತಳ ಹಿಡೀತು."

ಮಾರನೇ ಬೆಳಗ್ಗೆ ದೆರ್ನಾ ಅಟ್ಟಕ್ಕೆ ಬಂದರು. ಗಾಸ್ಪರೆ ಆಗಲೇ ಮೋಡದ ಹಗ್ಗ ಬಿಚ್ಚಿ ಸುತ್ತಿಡುತ್ತಿದ್ದರು.

"ಕಟ್ಟು ಅದನ್ನ," ಎಂದರು ದೆರ್ನಾ.

"ಏನಂದೆ?"

"ಒಳ್ಳೆ ಕಿವಿಗೂ ಕೇಳಿಸ್ಲಿಲ್ವಾ? ಕಟ್ಟು ಅಂದೆ. ಇಳಿಸ್ತೀನಿ."

ಖಾಲಿ ಮೋಡ ಇಳಿಸುವುದು ಹಗುರವಲ್ಲ ಎಂಬುದು ಅಂದಿನ ತಾಲೀಮಿನಲ್ಲೇ ಗೊತ್ತಾಯಿತು. ಒಳಗೆ ಮನುಷ್ಯನ ಭಾರವಿದ್ದರೆ ಅದು ನೇರ ಇಳಿಯುತ್ತದೆ. ಭಾರವಿಲ್ಲದ ಬಟ್ಟೆಯ ಮೋಡ ಬಾಗಿಲ ಸಂದಿಯ ಗಾಳಿಗೂ ಓಲಾಡುತ್ತದೆ, ತಡೆತಡೆದು ಜಾರುತ್ತದೆ. ಮೊದಲ ಸಲ ಅದು ಗರಗರ ತಿರುಗಿ ಬೆನ್ನು ತೋರಿಸಿಕೊಂಡು ಇಳಿಯಿತು. ಕೆಳಗಿದ್ದ ವಾದ್ಯದವರು ನಕ್ಕರು. ಎರಡನೆಯ ಸಲ ನಡುವೆಯೇ ನಿಂತಿತು. ದೆರ್ನಾ ಬಯ್ದರು, ಬೆವರಿದರು, ಕೈಗವಸು ತೆಗೆದೆಸೆದು ಬರಿಗೈಯಲ್ಲಿ ಹಿಡಿದರು. ಎದುರು ಹಗ್ಗದಲ್ಲಿದ್ದ ಗಾಸ್ಪರೆಯ ಕೇಳದ ಕಿವಿ ದೆರ್ನಾ ಕಡೆಗಿತ್ತು. ದೆರ್ನಾರ ಭುಜ ನೋಡಿಯೇ ಗಾಸ್ಪರೆ ಹಗ್ಗ ಬಿಟ್ಟರು. ಪ್ರದರ್ಶನದ ಮುನ್ನಾದಿನದವರೆಗೂ ಅದು ಒಮ್ಮೆಯೂ ಸರಿಯಾಗಿ ಇಳಿಯಲಿಲ್ಲ.

ಭಾನುವಾರ ಮಧ್ಯಾಹ್ನದ ಆಟ. ರಂಗಮಂದಿರ ತುಂಬಿತ್ತು. ದೊಡ್ಡ ಊರುಗಳಿಂದ ಸಂಗೀತ ಬಲ್ಲವರು ಬಂದಿದ್ದರು, ಮೇಲಿನ ಸಾಲುಗಳಲ್ಲಿ ನಮ್ಮೂರಿನವರು. ನಾನು ಎರಡನೇ ಅಂತಸ್ತಿನಲ್ಲಿದ್ದೆ. ನನ್ನಿಂದ ಎರಡು ಬಾಲ್ಕನಿ ಆಚೆ, ಮದುವೆಮನೆಗೆ ಹಾಕುವ ಕೋಟು ತೊಟ್ಟು, ಕೈಚೀಲ ಎದೆಗವಚಿಕೊಂಡು ಪಾಲ್ಮಿರಾ ಕೂತಿದ್ದರು. ಅವರು ರಂಗಮಂದಿರಕ್ಕೆ ಬಂದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ.

ಮೂರನೆಯ ಅಂಕದ ಕೊನೆಯಲ್ಲಿ ರಾಣಿ ದಡದಲ್ಲಿ ನಿಂತು, ಕೊಡು, ಅವನನ್ನು ನನಗೆ ಕೊಡು ಎಂದು ಕಡಲನ್ನು ಬೇಡುತ್ತಾಳೆ. ಹಾಡು ನಿಂತಿತು. ಮರದ ಅಲೆಗಳು ಕಿರುಗುಟ್ಟುತ್ತ ನಿಧಾನವಾದವು. ಬಣ್ಣದ ಆಕಾಶ ಎರಡಾಗಿ ಸರಿದು ಮೋಡ ಕಾಣಿಸಿತು.

ಅದು ಇಳಿಯಿತು. ತಿರುಗಲಿಲ್ಲ, ಓಲಾಡಲಿಲ್ಲ. ನಿದ್ದೆ ಹೋದ ಕೂಸನ್ನು ತೊಟ್ಟಿಲಿಗೆ ಹಾಕುವಾಗಿನ ಜಾಗ್ರತೆಯಲ್ಲಿ ಯಾರೋ ಅದನ್ನು ಹಿಡಿದಿದ್ದಾರೆ ಎಂಬುದು ಕೆಳಗಿನವರಿಗೂ ತಿಳಿಯುವಂತಿತ್ತು. ಚಿನ್ನದ ಅಂಚಿನ ನಡುವೆ ಬರೀ ಪೀಠ. ಅಲೆಗಳ ಅಡಿಯಿಂದ ಸಾಮುಯೆಲೆಯ ದನಿ ಎದ್ದಿತು: ಬಂದೆ ಪ್ರಿಯೆ, ನೋಡು, ಬಂದೆ. ರಾಣಿಯ ಪಾತ್ರದ ಹುಡುಗಿ ಅಪ್ಪಿಕೊಳ್ಳಬೇಕಿತ್ತು. ಯಾರನ್ನು ಅಪ್ಪಿಕೊಳ್ಳುತ್ತಾಳೆ? ಅವಳು ಹತ್ತಿರ ಹೋಗಿ ಖಾಲಿ ಪೀಠದ ಮೇಲೆ ಕೈಯಿಟ್ಟಳು. ತಾಲೀಮಿನಲ್ಲಿ ಹಾಗಿರಲಿಲ್ಲ ಎಂದು ಆಮೇಲೆ ತಿಳಿಯಿತು.

ಸಂಗೀತ ಮುಗಿದರೂ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಮೇಲಿನ ಸಾಲಿನಲ್ಲಿ ಒಬ್ಬ ಹೆಂಗಸು ಎದ್ದುನಿಂತರು, ಮತ್ತೊಬ್ಬರು ನಿಂತರು. ಚರ್ಚಿನಲ್ಲಿ ಸತ್ತವರ ಹೆಸರು ಓದುವಾಗ ನಾವು ನಿಲ್ಲುವುದು ಹಾಗೆಯೇ. ನಮ್ಮೂರಿನವರು ನಿಂತದ್ದನ್ನು ನೋಡಿ ಹೊರಊರಿನವರೂ ನಿಂತರು, ಏಕೆಂದು ಗೊತ್ತಿಲ್ಲದೆ. ಪಾಲ್ಮಿರಾ ಮಾತ್ರ ಎದ್ದೇಳಲಿಲ್ಲ. ಕೈಚೀಲದಲ್ಲಿ ಮುಖವಿಟ್ಟುಕೊಂಡಿದ್ದರು. ಚಪ್ಪಾಳೆ ಬಂದದ್ದು ಎಷ್ಟೋ ಹೊತ್ತಿನ ಮೇಲೆ. ಹೂಗುಚ್ಛ ಗಾಯಕರಿಗೆ ಹೋಯಿತು, ಲುಚಿಲ್ಲಾಗೆ ಹೋಯಿತು. ಅಟ್ಟದವರನ್ನು ರಂಗಕ್ಕೆ ಕರೆಯುವ ಪದ್ಧತಿ ಇಲ್ಲ. ಮರುವಾರದ ಪತ್ರಿಕೆಗಳು ಖಾಲಿ ಮೋಡವನ್ನು ನಿರ್ದೇಶಕಿಯ ದಿಟ್ಟ ಕಲ್ಪನೆ ಎಂದು ಹೊಗಳಿದವು. ತೊಲೆ ಟೊಳ್ಳಾಗಿತ್ತು ಎಂದು ಲುಚಿಲ್ಲಾ ಎಲ್ಲರಿಗೂ ಹೇಳಿದರು, ಯಾರೂ ಬರೆಯಲಿಲ್ಲ.

ಹಿಂಬಾಗಿಲ ಬಳಿ ಎಂಟು ಹತ್ತು ಹೆಂಗಸರು ಕಾಯುತ್ತಿದ್ದರು. ಎಲ್ಲರೂ ಬಂದರಿನ ಮನೆಗಳವರು. ದೆರ್ನಾ ಉಜ್ಜಿ ಕೆಂಪಾದ ಅಂಗೈಗಳನ್ನು ಕಂಕುಳಲ್ಲಿ ಅವಚಿಕೊಂಡು ಹೊರಗೆ ಬಂದರು. ಒಪೆರಾದ ಬಗ್ಗೆ ಯಾರೂ ಮಾತೆತ್ತಲಿಲ್ಲ. ಪಾಲ್ಮಿರಾ ಮುಂದೆ ಬಂದು ಅವರ ಕೋಟಿನ ಗುಂಡಿ ಹಾಕಿದರು.

"ಅಷ್ಟು ಮೆಲ್ಲಗೆ ಇಳಿಸಿದ್ಯಲ್ಲೇ."

"ಇಬ್ರು ಕೂತಿದ್ರು ಅಂದ್ಕೊಂಡೆ," ಎಂದರು ದೆರ್ನಾ. "ನಿನ್ನೋನೂ ನನ್ನೋನೂ."

ಇಬ್ಬರೂ ಕಾಲುವೆಯ ಕಡೆ ನಡೆದುಹೋದರು. ಉಳಿದವರು ಸ್ವಲ್ಪ ದೂರದಲ್ಲಿ ಹಿಂಬಾಲಿಸಿದರು.

ಈಗ 'ಫಿಲಾಂದ್ರಾ' ಮುಗಿದಿದೆ. ಮೋಡ ಮತ್ತೆ ಗೋದಾಮಿಗೆ ಹೋಗಿದೆ. ಮುಂದಿನ ವರ್ಷ ಚಾವಣಿ ಬಿಚ್ಚಿ ತೊಲೆ ಬದಲಿಸುವುದಾಗಿ ಪುರಸಭೆ ಹೇಳಿದೆ, ಹೇಳುತ್ತಲೇ ಇರುತ್ತದೆ. ಸಹಕಾರ ಸಂಘಕ್ಕೆ ಹೊತ್ತಾಯಿತೆಂದು ದೆರ್ನಾ ಏಣಿ ಇಳಿಯುತ್ತಾರೆ, ಒಂದೊಂದು ಮೆಟ್ಟಿಲಿಗೂ ಸೊಂಟ ಹಿಡಿದುಕೊಂಡು. ತೊಲೆ ಹೊಸದಾದರೆ ಇನ್ನೊಮ್ಮೆ ಇಳಿಸುತ್ತೀರಾ ಎಂದು ಕೇಳುತ್ತೇನೆ.

"ಬೆನ್ನು ಇದ್ರೆ ಇಳಿಸ್ತೀನಿ. ಆ ಸಾಮುಯೆಲೆ ಬಂದು ಕೇಳ್ದ, 'ಚಿಕ್ಕಮ್ಮಾ, ಆಗ ನನ್ನನ್ನ ಕೂರಿಸ್ತೀರಲ್ಲ' ಅಂತ. ಅವ್ನ ಮೈ ನೋಡಿದೀರಲ್ಲ, ಎರಡು ಹೊತ್ತೂ ಪಾಸ್ತಾ ತಿನ್ನೋನು. ಮೋಡ ಇಳಿಯೋ ತನಕ ಸಣ್ಣ ಆಗ್ಬೇಡಪ್ಪ ಅಂದೆ." ಬಾಗಿಲಿಗೆ ಬೀಗ ಹಾಕಿ, ಅದನ್ನು ಒಮ್ಮೆ ಎಳೆದು ನೋಡುತ್ತಾರೆ. "ಯಾರೋ ಒಬ್ರು ಕೂತಿರ್ಬೇಕು. ಆ ಭಾರ ನನ್ನ ಕೈಗೆ ಗೊತ್ತಾಗ್ಬೇಕು. ಒಂದೇ ಒಂದ್ಸಲ, ಸಾಕು."